ಹಳೇ ಡಸ್ಟರ್‌ನ ಕುಲುಕಾಟ ತೆಗೆದದ್ದು: ಐದು ತಿಂಗಳ ಲೆಕ್ಕ

2024ರ ಜನವರಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ರೆನೋ ಡಸ್ಟರ್ ಕಾರು ತಗೊಂಡೆ. 2014ರ ಗಾಡಿ, 85 ಪಿಎಸ್ ಡೀಸೆಲ್, ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಮಾಡೆಲ್. ಮೀಟರ್‌ನಲ್ಲಿ 1,14,600 ಕಿ.ಮೀ. ಎಂಜಿನ್ ಗಟ್ಟಿ, ಕ್ಲಚ್ ಹೊಸದು. ಡಸ್ಟರ್ ಅಂದರೆ ಗುಂಡಿ ನುಂಗುವ ಗಾಡಿ ಅಂತ ಹೆಸರು. ನಾನು ತಗೊಂಡಿದ್ದೂ ಅದಕ್ಕೇ. ಅಮ್ಮನಿಗೆ ಬೆನ್ನುನೋವು. ಎರಡು ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ತೋರಿಸಲು ಹೋಗಬೇಕು.

ಮೊದಲ ಸಲ ಕೂರಿಸಿಕೊಂಡು ಹೋದಾಗ ತೀರ್ಥಹಳ್ಳಿ ದಾಟುವಷ್ಟರಲ್ಲಿ ಅಮ್ಮ ಹೇಳಿದಳು: "ಎಂತದೋ ಮಾರಾಯ ಇದು, ಇದಕ್ಕಿಂತ ನಿನ್ನ ಹಳೇ ಕಾರೇ ವಾಸಿ ಇತ್ತಲ್ಲ." ಹಳೇ ಕಾರು ಅಂದರೆ ಹದಿನಾಲ್ಕು ವರ್ಷದ ಪುಟ್ಟ ಹ್ಯಾಚ್‌ಬ್ಯಾಕ್. ಅವಮಾನ ಆಗದೇ ಇರುತ್ತಾ?

ನಾನು ಮೆಕ್ಯಾನಿಕ್ ಅಲ್ಲ. ಕೆಲಸ ಬ್ಯಾಂಕಿನಲ್ಲಿ. ಮನೆಯಲ್ಲಿ ಟ್ರಾಲಿ ಜಾಕ್, ಎರಡು ಸ್ಟ್ಯಾಂಡ್, ಒಂದು ಸಾಕೆಟ್ ಸೆಟ್ ಇದೆ, ಅಷ್ಟೆ.

10 ಫೆಬ್ರವರಿ: ಅಳತೆ

ಏನನ್ನೂ ಬಿಚ್ಚುವ ಮೊದಲು ಅಳತೆ ಬರೆದಿಟ್ಟೆ. ಇಡೀ ಕೆಲಸದಲ್ಲಿ ನಾನು ಮಾಡಿದ ಬುದ್ಧಿವಂತಿಕೆ ಇದೊಂದೇ ಇರಬೇಕು. ಚಕ್ರದ ನಡುಭಾಗದಿಂದ ಮೇಲಿನ ಕಮಾನಿನ ಅಂಚಿಗೆ ಟೇಪ್ ಹಿಡಿದರೆ ಮುಂದೆ ಎಡ 478 ಮಿ.ಮೀ., ಬಲ 476. ಹಿಂದೆ 482 ಮತ್ತು 481.

ಟೆಸ್ಟ್ ರಸ್ತೆ: ಮನೆಯಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲು ಆನೆ ಬಿಡಾರದವರೆಗೆ, ವಾಪಸ್ಸು. ಹಂಪ್ ಇವೆ, ತೇಪೆ ಹಾಕಿದ ಟಾರು ಇದೆ, ತಿರುವೂ ಇದೆ. ಅಳೆಯುವ ಯಂತ್ರ: ಅಮ್ಮ. ಹಿಂದಿನ ಸೀಟಲ್ಲಿ ಕೂತು ಬಾಗಿಲ ಮೇಲಿನ ಹಿಡಿಕೆಯನ್ನು ಎಷ್ಟು ಸಲ ಹಿಡಿಯುತ್ತಾಳೆ ಅಂತ ಹೆಂಡತಿ ಗುಟ್ಟಾಗಿ ಎಣಿಸಬೇಕು. ಮೊದಲ ದಿನದ ಲೆಕ್ಕ 23.

18 ಫೆಬ್ರವರಿ: ಹಿಂದಿನವರ ಅಲಂಕಾರ ತೆಗೆದದ್ದು

ಮುಂದೆ ದಪ್ಪ ಕಬ್ಬಿಣದ ಬುಲ್ ಬಾರ್ ಇತ್ತು. ಇದನ್ನೆಲ್ಲ ತೆಗೆಸಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಬಿಚ್ಚಿದ ಮೇಲೆ ಪಕ್ಕದ ಮನೆಯವರ ಅಡಿಕೆ ತೂಗುವ ತಕ್ಕಡಿ ಮೇಲೆ ಇಟ್ಟೆ. 31 ಕೆ.ಜಿ.! ಮುಂದಿನ ಚಕ್ರಕ್ಕಿಂತ ಮುಂದೆ, ಮೂಗಿನ ತುದಿಗೆ ನೇತುಹಾಕಿದ ಭಾರ ಅದು. ಗುಜರಿಯವನು 900 ರೂಪಾಯಿ ಕೊಟ್ಟ.

ಚಕ್ರ ಬಿಚ್ಚಿದಾಗ ಇನ್ನೊಂದು ಕಂಡಿತು. ಮುಂದಿನ ಎರಡೂ ಸ್ಪ್ರಿಂಗ್‌ಗಳ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕಿದ್ದರು. ಗಾಡಿ ಎತ್ತರ ಕಾಣಲಿ, ತಳ ತಾಗದಿರಲಿ ಅಂತ ಹಾಕುವುದು. ಈ ಗಾಡಿಗೆ ಕಂಪನಿ ಲೆಕ್ಕದಲ್ಲೇ 205 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇದೆ, ಇನ್ನೆಷ್ಟು ಬೇಕು? ಬಫರ್ ಇದ್ದ ಕಡೆ ಸುರುಳಿ ಕುಗ್ಗುವುದೇ ಇಲ್ಲ. ಗುಂಡಿಯ ಪೆಟ್ಟೆಲ್ಲ ನೇರ ಬಾಡಿಗೆ. ಸೋಪಿನ ನೀರು ಬಿಟ್ಟು, ಸ್ಕ್ರೂಡ್ರೈವರ್‌ನಿಂದ ಮೀಟಿ, ಎರಡನ್ನೂ ಎಳೆದು ಹಾಕಿದೆ. ಒಂದು ಗಂಟೆ ಹಿಡಿಯಿತು. ಬೆರಳು ಜಜ್ಜಿತು.

ಇಲ್ಲೊಂದು ಪಾಠ. ಗಾಡಿ ತಗೊಳ್ಳುವಾಗ ಬಾನೆಟ್ ಒತ್ತಿ ನೋಡಿದ್ದೆ. ಒಂದಿಂಚೂ ಕುಣಿಯಲಿಲ್ಲ. "ಶಾಕ್ ಸೂಪರ್ ಇದೆ ಸಾರ್" ಅಂದಿದ್ದ ಬ್ರೋಕರ್. ಶಾಕ್ ಅಂದರೆ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್‌ನ ಕುಣಿತ ತಡೆಯುವ ಎಣ್ಣೆ ತುಂಬಿದ ಕೊಳವೆ. ಕುಣಿಯದೇ ಇದ್ದದ್ದು ಶಾಕ್‌ನಿಂದ ಅಲ್ಲ, ಬಫರ್‌ನಿಂದ. ತೆಗೆದ ಮೇಲೆ ಒತ್ತಿದರೆ ಮೂರು ಸಲ ಮೇಲೆ ಕೆಳಗೆ ಆಡಿ ನಿಂತಿತು. ಅಂದರೆ ಶಾಕ್ ಸತ್ತು ಎಷ್ಟು ಕಾಲವಾಗಿತ್ತೋ.

ಅಮ್ಮನ ಲೆಕ್ಕ 21. ಪೆಟ್ಟು ಕಡಿಮೆ, ಆದರೆ ದೋಣಿಯ ಹಾಗೆ ತೇಲಾಟ. ವಾಪಸ್ ಬರುವಾಗ ನಿಂಬೆಹಣ್ಣು ಮೂಸುತ್ತಾ ಕೂತಿದ್ದಳು.

25 ಫೆಬ್ರವರಿ: ನನ್ನ ದಡ್ಡತನ, ಒಂದನೇದು

ಐದು ಜನ ಕೂತು ಸಾಮಾನು ಹಾಕಿದರೆ ಹಿಂಭಾಗ ಕೂರುತ್ತಿತ್ತು. ಯಾರೋ ವಿಡಿಯೋದಲ್ಲಿ ಹೇಳಿದರು ಅಂತ ಆನ್‌ಲೈನ್‌ನಲ್ಲಿ 1,800 ಕೊಟ್ಟು ಹಿಂದಿನ ಸ್ಪ್ರಿಂಗ್‌ಗೆ ಬಫರ್ ತರಿಸಿ ಹಾಕಿದೆ. ಹೌದು, ಹಿಂದಿನ ಭಾನುವಾರ ಮುಂದಿನಿಂದ ಕಿತ್ತು ಎಸೆದದ್ದೂ ಅದೇ ವಸ್ತು. ಇದು ಬೇರೆ ಬಣ್ಣದ್ದು, ಮೆತ್ತಗಿದೆ, ಅಂತೆಲ್ಲ ನನಗೆ ನಾನೇ ಹೇಳಿಕೊಂಡೆ. ಅಮ್ಮನ ಲೆಕ್ಕ 27ಕ್ಕೆ ಏರಿತು. ಮುಂದಿನ ವಾರ ತೆಗೆದೆ. ಈಗ ಅವು ಅಟ್ಟದ ಮೇಲಿವೆ. ಯಾರಿಗೂ ಮಾರುವುದಿಲ್ಲ, ಪಾಪ ಸುತ್ತಿಕೊಳ್ಳುತ್ತದೆ.

9–10 ಮಾರ್ಚ್: ದೊಡ್ಡ ಕೆಲಸ

ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಕೂರುವ, ಶಾಕ್ ಒಳಗೇ ಇರುವ ಕಂಬ) ಬಿಚ್ಚಬಾರದು. ಒತ್ತಿ ಹಿಡಿದ ಸ್ಪ್ರಿಂಗ್ ಸಿಡಿದರೆ ಮುಖ ಉಳಿಯುವುದಿಲ್ಲ. ಹಾಗಾಗಿ ಒಂದು ಗ್ಯಾರೇಜ್‌ಗೆ ಕೊಟ್ಟೆ. ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಸಾಮಾನು ಬೆಂಗಳೂರಿನ ಜೆಸಿ ರೋಡಿನಿಂದ ತಮ್ಮನ ಕೈಲಿ ತರಿಸಿದ್ದೆ. ಬೆಲೆ ನಾನು ಕೊಟ್ಟದ್ದು:

ಮುಂದಿನ ಸ್ಟ್ರಟ್ ಎರಡು, 8,200
ಸ್ಟ್ರಟ್ ಮೌಂಟ್, ಬೇರಿಂಗ್ ಸಮೇತ ಎರಡು, 2,700
ಬಂಪ್ ಸ್ಟಾಪ್ ಮತ್ತು ಧೂಳಿನ ಕವರ್, 900
ಹಿಂದಿನ ಶಾಕ್ ಎರಡು, 5,200
ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಎರಡು, ಬುಷ್ (ಕೀಲಿನ ರಬ್ಬರ್) ಮತ್ತು ಬಾಲ್ ಜಾಯಿಂಟ್ ಸಮೇತ, 6,200
ಲಿಂಕ್ ರಾಡ್ ಎರಡು, 1,800
ಸ್ಟೆಬಿಲೈಸರ್ ಬುಷ್, 400
ಕೂಲಿ 4,500, ಅಲೈನ್‌ಮೆಂಟ್ 600

ಹಳೇ ಸ್ಟ್ರಟ್‌ನಲ್ಲಿ ಎಣ್ಣೆ ಸೋರಿ, ಅದರ ಮೇಲೆ ಧೂಳು ಮೆತ್ತಿ, ಗಾಣದ ಹಿಂಡಿಯ ಹಾಗೆ ಗಟ್ಟಿಯಾಗಿತ್ತು. ಮೌಂಟ್‌ನ ರಬ್ಬರ್ ಸುತ್ತಲೂ ಸೀಳಿತ್ತು. ಇದನ್ನು ಬಿಚ್ಚದೆಯೂ ಪತ್ತೆ ಮಾಡಬಹುದು: ಗಾಡಿ ನಿಂತಿರುವಾಗ ಒಬ್ಬರು ಸ್ಟೀರಿಂಗ್ ತಿರುಗಿಸಲಿ, ಇನ್ನೊಬ್ಬರು ಸ್ಪ್ರಿಂಗ್ ಮೇಲೆ ಹಗುರವಾಗಿ ಅಂಗೈ ಇಡಲಿ. ಬೇರಿಂಗ್ ಚೆನ್ನಾಗಿದ್ದರೆ ಸ್ಪ್ರಿಂಗ್ ನಯವಾಗಿ ತಿರುಗುತ್ತೆ. ನಮ್ಮದು ತಡೆದು ತಡೆದು, ಟಂಗ್ ಅಂತ ಎಗರುತ್ತಿತ್ತು. ಬೆರಳು ಸುರುಳಿ ನಡುವೆ ಹೋಗದ ಹಾಗೆ ನೋಡಿಕೊಳ್ಳಿ.

ಹೊಸ ಶಾಕ್‌ಗಳು ತಿಂಗಳುಗಟ್ಟಲೆ ಡಬ್ಬಿಯಲ್ಲಿ ಮಲಗಿರುತ್ತವೆ, ಒಳಗೆ ಗಾಳಿ ಸೇರಿಕೊಂಡಿರುತ್ತದೆ. ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಒತ್ತಿ ಎಳೆದ ಮೇಲೇ ಹಾಕಬೇಕು. ನಾನು ಗ್ಯಾರೇಜಿನ ಮೂಲೆಯಲ್ಲಿ ನಿಂತು ಒಂದೊಂದಾಗಿ ಪಂಪ್ ಹೊಡೆಯುತ್ತಿದ್ದರೆ ಹುಡುಗರಿಗೆ ನಗು. ನಗಲಿ.

ಹನ್ನೆರಡೂವರೆಗೆ ನಾನು ಊಟಕ್ಕೆ ಹೋದೆ. ಇದೇ ದಡ್ಡತನ ಎರಡನೇದು. ವಾಪಸ್ ಬರುವಾಗ ಮುಂಭಾಗ ಪೂರ್ತಿ ಜೋಡಿಸಿ ಆಗಿತ್ತು. ಗಾಡಿ ಇನ್ನೂ ಲಿಫ್ಟ್ ಮೇಲೇ ಇತ್ತು, ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಎಲ್ಲ ಬೋಲ್ಟ್‌ಗೂ ಗನ್ ಹೊಡೆದು ಬಿಗಿ ಮಾಡಿದ್ದರು.

ಅಮ್ಮನ ಲೆಕ್ಕ 16. ತೇಲಾಟ ನಿಂತಿತು, ತಿರುವಿನಲ್ಲಿ ವಾಲುವುದು ಕಡಿಮೆಯಾಯಿತು. ಖುಷಿ ಆಯಿತು. ಆದರೆ ಸಣ್ಣ ತೇಪೆ, ಕಲ್ಲು, ಸೇತುವೆಯ ಜಾಯಿಂಟ್ ಬಂದರೆ ಇನ್ನೂ ಗಡಗಡ. ಟೇಪ್ ಹಿಡಿದೆ: ಮುಂದೆ 472, 471. ಬಫರ್ ತೆಗೆದ ಮೇಲೂ ಇಳಿದದ್ದು ಬರೀ ಐದಾರು ಮಿ.ಮೀ. ಹೊಸ ಶಾಕ್ ಅಲ್ವಾ, ಎತ್ತಿ ಹಿಡಿದಿರುತ್ತೆ ಅಂದುಕೊಂಡೆ. ತಪ್ಪು. ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

24 ಮಾರ್ಚ್: 650 ರೂಪಾಯಿಯ ಔಷಧಿ

ಟಯರ್ ಗಾಳಿ ನೋಡುವ ಡಿಜಿಟಲ್ ಗೇಜ್ ತಗೊಂಡೆ. ಬೆಳಿಗ್ಗೆ ಆರೂವರೆಗೆ, ಗಾಡಿ ತಣ್ಣಗಿರುವಾಗ ನೋಡಿದರೆ ನಾಲ್ಕೂ ಟಯರ್‌ನಲ್ಲಿ 39, 40. ನಾನು ಬಂಕಿನಲ್ಲಿ 33 ಹಾಕಿಸಿದ್ದೆ! ಅಲ್ಲಿನ ಯಂತ್ರದ ಮುಳ್ಳು ಸುಳ್ಳು ಹೇಳುತ್ತಿತ್ತು. ಇನ್ನೊಬ್ಬರ ಗೇಜ್ ತಂದು ಹೋಲಿಸಿದೆ, ನನ್ನದೇ ಸರಿ. 33ಕ್ಕೆ ಇಳಿಸಿದೆ.

ಅಮ್ಮನ ಲೆಕ್ಕ 11.

ಕೂಲಿ ಸೇರಿ 30,500 ಖರ್ಚು ಮಾಡಿ ಇಳಿಸಿದ್ದು ಐದು, ಗಾಳಿ ಬಿಟ್ಟು ಇಳಿಸಿದ್ದೂ ಐದು. ಇದನ್ನು ಮೊದಲ ದಿನವೇ ನೋಡಿದ್ದರೆ ಶಾಕ್ ಬದಲಾಯಿಸುವುದು ತಪ್ಪುತ್ತಿರಲಿಲ್ಲ, ಅವು ಸತ್ತೇ ಇದ್ದವು. ಆದರೆ ಆ ಬಫರ್ ಖಂಡಿತ ತಗೊಳ್ಳುತ್ತಿರಲಿಲ್ಲ. ಗಾಳಿ ನೋಡುವುದು ತಣ್ಣಗಿದ್ದಾಗಲೇ. ಐವತ್ತು ಕಿ.ಮೀ. ಓಡಿಸಿ ನೋಡಿದರೆ ನಾಲ್ಕು ಹೆಚ್ಚೇ ತೋರಿಸುತ್ತೆ, ಅದನ್ನು ಇಳಿಸಿದರೆ ಬೆಳಿಗ್ಗೆ ಕಡಿಮೆ ಇರುತ್ತೆ.

21 ಏಪ್ರಿಲ್: ಹೊಸ ಸ್ಟ್ರಟ್ ಸೋರಿಕೆ

ಗಾಡಿ ತೊಳೆಯುವಾಗ ಬಲ ಸ್ಟ್ರಟ್ ಒದ್ದೆ ಕಂಡಿತು. ಒರೆಸಿದೆ. ಎರಡು ದಿನ ಬಿಟ್ಟರೆ ಮತ್ತೆ ಎಣ್ಣೆ. ಆರು ವಾರದ ಸ್ಟ್ರಟ್! ಡೂಪ್ಲಿಕೇಟ್ ಸಾಮಾನು ತಂದೆಯಾ ಅಂತ ತಮ್ಮನಿಗೆ ಫೋನ್ ಮಾಡಿ ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಗಾಡಿಯನ್ನು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಧೂಳಿನ ಕವರ್ ಮೇಲೆತ್ತಿ, ಟಾರ್ಚ್ ಹಿಡಿದು, ನನ್ನ ಕೈ ಹಿಡಿದು ಹೆಬ್ಬೆರಳಿನ ಉಗುರನ್ನು ರಾಡ್ ಮೇಲೆ ಓಡಿಸಿದರು. ಕನ್ನಡಿಯ ಹಾಗೆ ನುಣ್ಣಗಿರಬೇಕಾದ ಕ್ರೋಮ್ ರಾಡ್. ಉಗುರು ಒಂದು ಕಡೆ ಟಿಕ್ ಅಂತ ಸಿಕ್ಕಿತು. ಸಾಲಾಗಿ ನಾಲ್ಕು ಸಣ್ಣ ಗೀರು, ಇಕ್ಕಳದ ಹಲ್ಲಿನ ಗುರುತು.

"ಮೇಲಿನ ನಟ್ಟು ಬಿಗಿ ಮಾಡುವಾಗ ರಾಡ್ ಸುತ್ತುತ್ತೆ ಸಾರ್. ತುದಿಗೆ ಕೀ ಕೊಟ್ಟು ಹಿಡ್ಕೋಬೇಕು. ಇವ್ರು ಇಕ್ಕಳ ಹಾಕಿ ಹಿಡಿದವ್ರೆ. ಇನ್ನು ಸೀಲ್ ಎಷ್ಟು ದಿನ ತಡೆಯುತ್ತೆ?"

ಆ ಗೀರು ಒಂದೊಂದು ಸಲ ಮೇಲೆ ಕೆಳಗೆ ಹೋದಾಗಲೂ ಎಣ್ಣೆ ತಡೆಯುವ ಸೀಲ್ ಅನ್ನು ಗರಗಸದ ಹಾಗೆ ಕೊಯ್ಯುತ್ತದೆ. ಹೊಸ ಸ್ಟ್ರಟ್ 4,100, ಕೂಲಿ 1,200. ಮೊದಲ ಗ್ಯಾರೇಜ್‌ನವರು "ಸಾಮಾನು ನೀವೇ ತಂದಿದ್ದು, ನಮ್ಮ ಗ್ಯಾರಂಟಿ ಇಲ್ಲ" ಅಂದರು. ಜಗಳ ಮಾಡುವ ಶಕ್ತಿ ಇರಲಿಲ್ಲ.

ಈ ಮೆಕ್ಯಾನಿಕ್ ಅಣ್ಣ ಗಾಡಿ ಕೆಳಗೆ ಮಲಗಿದ್ದಾಗಲೇ ಲೋವರ್ ಆರ್ಮ್‌ನ ಬುಷ್‌ಗಳನ್ನೂ ನೋಡಿದರು. "ಗಾಡಿ ನೇತಾಡ್ತಿರುವಾಗಲೇ ಬಿಗಿ ಮಾಡಿದ್ರಾ?" ಅಂತ ಕೇಳಿದರು. ಹೌದು ಅಂದೆ. "ಹಂಗಾದ್ರೆ ಇದೂ ಜಾಸ್ತಿ ದಿನ ಬರಲ್ಲ."

ವಿಷಯ ಇಷ್ಟು. ಈ ಬುಷ್‌ನಲ್ಲಿ ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡೇ ಇರುತ್ತದೆ. ಬೇರಿಂಗ್ ತರ ಸುತ್ತುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಕೆಳಗೆ ನೇತಾಡುವಾಗ ಬೋಲ್ಟ್ ಬಿಗಿ ಮಾಡಿದರೆ ರಬ್ಬರ್‌ಗೆ ಅದೇ ನೆಟ್ಟಗಿನ ಭಂಗಿ. ಗಾಡಿ ನೆಲಕ್ಕಿಳಿದ ಕೂಡಲೇ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಕೂರುತ್ತದೆ, ಹಗಲೂ ರಾತ್ರಿ. ತಿರುಚಿದ ರಬ್ಬರ್ ಮುಂಭಾಗವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಸಣ್ಣ ಪೆಟ್ಟುಗಳನ್ನು ನುಂಗುವುದಿಲ್ಲ, ಬೇಗ ಹರಿಯುತ್ತದೆ. ನನ್ನ ಟೇಪ್ ತೋರಿಸಿದ್ದ 472 ಇದೇ.

5 ಮೇ: ಮನೆ ಅಂಗಳದಲ್ಲಿ

ಆ ವಾರ ಅಣ್ಣನಿಗೆ ಬಿಡುವಿರಲಿಲ್ಲ. 7ಕ್ಕೆ ನಮ್ಮಲ್ಲಿ ಲೋಕಸಭೆಯ ಮತದಾನ, ಹುಡುಗರೆಲ್ಲ ಪ್ರಚಾರಕ್ಕೆ ಹೋಗಿದ್ದರು. ಏನು ಮಾಡಬೇಕು ಅಂತ ಹೇಳಿಕೊಟ್ಟು, ಟಾರ್ಕ್ ರೆಂಚ್ ಎರವಲು ಕೊಟ್ಟು, ಎಷ್ಟಕ್ಕೆ ಬಿಗಿ ಮಾಡಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟರು.

ತೊಂದರೆ ಏನೆಂದರೆ, ಚಕ್ರದ ಮೇಲೆ ಭಾರ ಇರಬೇಕು, ನಾನೂ ಕೆಳಗೆ ನುಗ್ಗಬೇಕು. ಜಾಕ್ ಹಾಕಿ ಎತ್ತಿದರೆ ಚಕ್ರ ನೇತಾಡುತ್ತದೆ, ಮತ್ತೆ ಅದೇ ಕಥೆ. ನಮ್ಮ ಮನೆ ಹಳೇ ಮಾಡಿನ ಹಲಸಿನ ಹಲಗೆ ಇದ್ದವು, ಎರಡಿಂಚು ದಪ್ಪ, ಒಂದಡಿಗಿಂತ ಅಗಲ. ಒಂದೊಂದು ಚಕ್ರದಡಿ ಮೂರು ಹಲಗೆ ಮೆಟ್ಟಿಲ ಹಾಗೆ ಜೋಡಿಸಿ, ಗಾಡಿಯನ್ನು ಮೆಲ್ಲಗೆ ಹತ್ತಿಸಿದೆ. ಹಿಂದೆ ಮುಂದೆ ಸೈಜುಗಲ್ಲು ಇಟ್ಟೆ, ಹ್ಯಾಂಡ್‌ಬ್ರೇಕ್, ಗೇರ್. ಆಮೇಲೂ ಬಾಡಿಯ ಕೆಳಗೆ ಎರಡು ಸ್ಟ್ಯಾಂಡ್ ಇಟ್ಟೆ, ತಾಗದಂತೆ ಒಂದು ಬೆರಳು ಅಂತರ ಬಿಟ್ಟು. ಭಾರ ಚಕ್ರದ ಮೇಲೆ, ಜೀವಕ್ಕೆ ಸ್ಟ್ಯಾಂಡ್.

ಎಡಗಡೆಯ ಮೊದಲ ಬೋಲ್ಟ್ ಅರ್ಧ ಸುತ್ತು ಸಡಿಲಿಸಿದ್ದೇ ತಡ, ಟಪ್ ಅಂತ ಶಬ್ದ ಬಂದು ಆರ್ಮ್ ಕಣ್ಣೆದುರೇ ಕದಲಿತು. ಎರಡು ತಿಂಗಳಿಂದ ಹಿಂಡಿಕೊಂಡಿದ್ದ ರಬ್ಬರ್ ಬಿಚ್ಚಿಕೊಂಡಿತು. ನಾಲ್ಕೂ ಬೋಲ್ಟ್ ಸಡಿಲಿಸಿ ಹೊರಗೆ ಬಂದು, ಬಾನೆಟ್ ಹತ್ತು ಸಲ ಒತ್ತಿ, ಗಾಡಿ ಹಲಗೆ ಮೇಲೇ ಅರ್ಧ ಅಡಿ ಹಿಂದೆ ಮುಂದೆ ದೂಡಿ, ಕಲ್ಲು ಮತ್ತೆ ಇಟ್ಟು, ಪುನಃ ಒಳಗೆ ನುಗ್ಗಿ ಬಿಗಿ ಮಾಡಿದೆ. ಎಲ್ಲ ಸೇರಿ ಮೂರು ಗಂಟೆ. ಖರ್ಚು ಸೊನ್ನೆ.

ಟೇಪ್: 464, 463. ಎಂಟು ಮಿ.ಮೀ. ಇಳಿಯಿತು. ಅಮ್ಮನ ಲೆಕ್ಕ 8. ಲೆಕ್ಕಕ್ಕಿಂತ ಹೆಚ್ಚು ಗೊತ್ತಾದದ್ದು ಸದ್ದಿನಲ್ಲಿ. ತೇಪೆ ರಸ್ತೆಯಲ್ಲಿ ಮೊದಲು ಡ್ಯಾಶ್‌ಬೋರ್ಡ್ ತಾಳ ಹಾಕುತ್ತಿತ್ತು, ಈಗ ದಪ್ ದಪ್ ಅಂತ ಮೆತ್ತಗೆ ಕೇಳುತ್ತದೆ.

19 ಮೇ: ಟಯರ್

ಒಂದು ರಗಳೆ ಉಳಿದಿತ್ತು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಅಲೈನ್‌ಮೆಂಟ್ ಚೀಟಿಯಲ್ಲಿ ಎಲ್ಲ ಹಸಿರು. ಮುಂದಿನ ಎರಡು ಚಕ್ರ ಅದಲು ಬದಲು ಮಾಡಿದೆ. ಈಗ ಬಲಕ್ಕೆ ಎಳೆಯಿತು. ಅಂದರೆ ದೋಷ ಟಯರ್‌ನದ್ದೇ.

ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿದೆ: 1817. 2017ರ ಹದಿನೆಂಟನೇ ವಾರ ತಯಾರಾದದ್ದು. ಏಳು ವರ್ಷ. ಟಯರ್‌ನ ಹಲ್ಲು (ಟ್ರೆಡ್) ಇನ್ನೂ 4 ಮಿ.ಮೀ. ಇತ್ತು, ಕಾನೂನಿಗೆ 1.6 ಸಾಕು. ಹಾಗಾಗಿಯೇ ನಾನು ಇದುವರೆಗೆ ಟಯರ್ ಕಡೆ ತಿರುಗಿಯೂ ನೋಡಿರಲಿಲ್ಲ. ಆದರೆ ಉಗುರು ಊರಿದರೆ ಗುರುತೂ ಬೀಳದಷ್ಟು ಗಟ್ಟಿ, ಹಲಗೆ ಥರ.

ಅಂಗಡಿಯವನು ದೊಡ್ಡ ಸೈಜ್ ಹಾಕಿಸಿ ಸಾರ್, ಲುಕ್ ಬರುತ್ತೆ ಅಂದ. ಲುಕ್ ಇರುವ ಗಾಡಿಯ ಕಷ್ಟ ಮೂರು ತಿಂಗಳು ನೋಡಿದ್ದೆ. ಕಂಪನಿ ಸೈಜ್ 215/65 ಆರ್16 ಅನ್ನೇ ಹಾಕಿಸಿದೆ. ನಾಲ್ಕಕ್ಕೆ 33,200, ಬ್ಯಾಲೆನ್ಸಿಂಗ್ 600, ಸ್ಟ್ರಟ್ ಬದಲಾಗಿತ್ತಲ್ಲ, ಅಲೈನ್‌ಮೆಂಟ್ ಮತ್ತೊಮ್ಮೆ 600. ಎಳೆತ ಹೋಯಿತು. ಅಮ್ಮನ ಲೆಕ್ಕ 5.

15 ಜೂನ್: ಆಗುಂಬೆ

ಮಳೆ ಹಿಡಿದಿತ್ತು. ಹದಿನಾಲ್ಕು ಹೇರ್‌ಪಿನ್ ತಿರುವನ್ನೂ ಎರಡನೇ ಗೇರಿನಲ್ಲಿ ಇಳಿದೆ. ಒದ್ದೆ ರಸ್ತೆಯಲ್ಲಿ ಹೊಸ ಟಯರ್‌ನ ಹಿಡಿತವೇ ಬೇರೆ. ಸ್ಟೀರಿಂಗ್ ತಿರುಗಿಸಿದಷ್ಟೇ ಮೂಗು ತಿರುಗುತ್ತದೆ, ಮೊದಲಿನ ಹಾಗೆ ಒಂದು ಕ್ಷಣ ಯೋಚಿಸಿ ಆಮೇಲೆ ವಾಲುವುದಿಲ್ಲ. ಸೋಮೇಶ್ವರ ಬಂತು ಅಂತ ಹಿಂದೆ ನೋಡಿದರೆ ಅಮ್ಮ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅವತ್ತು ಎಣಿಸುವ ಕೆಲಸವೇ ಇರಲಿಲ್ಲ.

ಒಟ್ಟು 72,650. ಅದರಲ್ಲಿ ಬಫರ್, ಎರಡನೇ ಸ್ಟ್ರಟ್, ಅದರ ಕೂಲಿ ಸೇರಿ 7,100 ನೀರಿಗೆ ಹಾಕಿದ್ದು. ಗುಜರಿಯ 900 ಬೇಕಾದರೆ ಕಳೆದುಕೊಳ್ಳಿ. ಈಗ ಇದೇ ಕೆಲಸ ಶುರು ಮಾಡಿದರೆ ಮೊದಲು ಗೇಜ್ ತಗೊಳ್ಳುತ್ತೇನೆ, ಆಮೇಲೆ ಟಯರ್‌ನ ವಯಸ್ಸು ನೋಡುತ್ತೇನೆ, ಗಾಡಿಗೆ ಹೊರಗಿನಿಂದ ತುರುಕಿದ್ದೆಲ್ಲ ತೆಗೆಯುತ್ತೇನೆ. ಶಾಕ್ ಆಮೇಲೆ.

ಇನ್ನೂ ಒಂದು ಬಾಕಿ ಇದೆ. ಬೆಳಿಗ್ಗೆ ತಣ್ಣಗಿರುವಾಗ ಮೊದಲ ಹಂಪ್‌ನಲ್ಲಿ ಹಿಂದಿನಿಂದ ಟಕ್ ಅನ್ನುತ್ತದೆ. ಹಿಂದಿನ ಎರಡು ಚಕ್ರ ಜೋಡಿಸುವ ಬೀಮ್‌ನ ಬುಷ್ ಸೀಳಿದೆ, ಕಣ್ಣಾರೆ ನೋಡಿದೆ. ಬೀಮ್ ಇಳಿಸಬೇಕು, ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲ ಬಿಚ್ಚಬೇಕು, ಕೂಲಿಯೇ 5,500 ಅಂದಿದ್ದಾರೆ ಅಣ್ಣ. ದೀಪಾವಳಿ ಕಳೆದ ಮೇಲೆ ಮಾಡಿಸುತ್ತೇನೆ. ಬೋಲ್ಟ್ ಬಿಗಿ ಮಾಡುವ ದಿನ ರಜೆ ಹಾಕಿ, ಬುತ್ತಿ ಕಟ್ಟಿಕೊಂಡು, ಅಲ್ಲೇ ಕೂರುವವನಿದ್ದೇನೆ.